ಬಾಂಡ್ ಪಾಸಾದರೂ ಟೀಚರ್‌ಗೆ ಲೇಆಫ್ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನದ ಕಡೆಯವರು, ಹದಿನೆಂಟು ವರ್ಷದಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇವೆ. 2021ರಲ್ಲಿ ಮನೆ ತೆಗೆದುಕೊಂಡೆವು. ನನಗೆ ಹೋದ ವರ್ಷ ಸಿಟಿಜನ್‌ಶಿಪ್ ಬಂತು. ಊರಲ್ಲಿ ಜಮೀನಿದೆ ಅಂತ ನಮ್ಮ ಯಜಮಾನರು ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದಾರೆ. ಈ ನವೆಂಬರ್‌ನಲ್ಲಿ ನನಗೆ ಮೊದಲ ವೋಟು. ಸ್ಕೂಲ್ ಬೋರ್ಡ್‌ಗೆ ಮೂರು ಜನ ನಿಂತಿದ್ದಾರೆ. ಜೊತೆಗೆ ಶಾಲೆಗೆ ಬಾಂಡ್ ಬೇಕಾ ಬೇಡವಾ ಅಂತ ಒಂದು ಪ್ರಶ್ನೆ ಇದೆ, ಲಕ್ಷಕ್ಕೆ 45 ಡಾಲರ್ ಅಂತೆ. ಆರು ವರ್ಷದ ಹಿಂದೆಯೂ ಒಂದು ಬಾಂಡ್ ಪಾಸಾಗಿ ಹೊಸ ಜಿಮ್ ಕಟ್ಟಿದರು. ಆದರೆ ಈ ಮಾರ್ಚ್‌ನಲ್ಲಿ ಮಗಳ ಟೀಚರ್‌ಗೇ ಲೇಆಫ್ ನೋಟಿಸ್ ಬಂತು, ಮ್ಯೂಸಿಕ್ ಕ್ಲಾಸ್ ಅರ್ಧಕ್ಕೆ ಇಳಿಯಿತು. ಇಷ್ಟು ದುಡ್ಡು ತಗೊಂಡ ಮೇಲೂ ಹೀಗೆ ಮಾಡಿದರೆ ಇದು ಮೋಸ ಅಲ್ವಾ? ಮತ್ತೆ ಯಾಕೆ ಯೆಸ್ ಹಾಕಬೇಕು? ಬೋರ್ಡ್‌ಗೆ ನಿಂತವರಲ್ಲಿ ಯಾರು ಸರಿ ಅಂತ ತಿಳಿಯುವುದು ಹೇಗೆ?

ಉತ್ತರ: ಮೋಸ ಅಲ್ಲ. ಆದರೆ ಹಾಗನ್ನಿಸುವುದು ಸಹಜ. ಹೊಸ ಜಿಮ್ ಕಣ್ಣಿಗೆ ಕಾಣುತ್ತದೆ, ಕೆಲಸ ಹೋದ ಟೀಚರ್ ಕಾಣುತ್ತಾರೆ, ಎರಡರ ಮಧ್ಯೆ ಇರುವ ಗೋಡೆ ಮಾತ್ರ ಯಾರಿಗೂ ಕಾಣುವುದಿಲ್ಲ.

ಆ ಗೋಡೆ ಏನು ಅಂದರೆ, ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಹತ್ತಿರ ಎರಡು ಗಲ್ಲಾಪೆಟ್ಟಿಗೆ ಇವೆ. ಒಂದು ಕಟ್ಟಡದ್ದು, ಇನ್ನೊಂದು ಸಂಬಳದ್ದು. ಬಾಂಡ್ ದುಡ್ಡು ಬೀಳುವುದು ಕಟ್ಟಡದ ಪೆಟ್ಟಿಗೆಗೆ. ಅಲ್ಲಿಂದ ಒಂದು ಡಾಲರ್ ತೆಗೆದು ಟೀಚರ್ ಸಂಬಳಕ್ಕೆ ಕೊಡುವ ಹಾಗಿಲ್ಲ. ಕೊಟ್ಟರೆ ರಾಜ್ಯದ ಸಂವಿಧಾನವನ್ನೇ ಮೀರಿದಂತೆ. ಅಂದರೆ ಆ ಜಿಮ್ ಕಟ್ಟದೆ ಬಿಟ್ಟಿದ್ದರೂ ನಿಮ್ಮ ಮಗಳ ಟೀಚರ್ ಕೆಲಸ ಉಳಿಯುತ್ತಿರಲಿಲ್ಲ. ಕೇಳಲು ಕಷ್ಟ, ಆದರೆ ಇರುವುದು ಹಾಗೇ.

ನಾನು ಒಂದು ಡಿಸ್ಟ್ರಿಕ್ಟ್‌ನ ಬಾಂಡ್ ಮೇಲ್ವಿಚಾರಣಾ ಸಮಿತಿಯಲ್ಲಿ ಆರು ವರ್ಷ ಕೂತಿದ್ದೆ. ಸಂಬಳವಿಲ್ಲ, ಟೀ ಕೂಡ ಇಲ್ಲ. ಒಂದೊಂದು ಸಭೆಯಲ್ಲೂ ಯಾರಾದರೂ ಒಬ್ಬ ತಂದೆಯೋ ತಾಯಿಯೋ ಎದ್ದು ನಿಂತು ನೀವು ಕೇಳಿದ್ದನ್ನೇ ಕೇಳುತ್ತಿದ್ದರು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಬಾಂಡ್ ಅಂದರೆ ನಮ್ಮ ಕಡೆ ಛಾಪಾ ಕಾಗದ. ನೋಟರಿ ಹತ್ತಿರ ಹೋಗಿ 'ಒಂದು ಬಾಂಡ್ ಕೊಡಿ' ಅಂತ ಕೇಳುತ್ತೇವೆ ಅಲ್ವಾ, ಅದಲ್ಲ ಇದು. ಇಲ್ಲಿ ಬಾಂಡ್ ಅಂದರೆ ಸಾಲಪತ್ರ. ಡಿಸ್ಟ್ರಿಕ್ಟ್ ಅಂದರೂ ಹಾಸನ ಜಿಲ್ಲೆಯಂಥದ್ದಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ ಪುಟ್ಟ ಸರ್ಕಾರ ಅದು, ಸಿಟಿ ಕೌನ್ಸಿಲ್‌ನ ಕೈಕೆಳಗೆ ಬರುವುದಿಲ್ಲ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು ಸಾವಿರದ ಹತ್ತಿರ ಇವೆ.

ಸಾಲ ತೆಗೆಯುವ ರೀತಿ ಹೀಗೆ. ಡಿಸ್ಟ್ರಿಕ್ಟ್ ಸಾಲಪತ್ರ ಮಾರುತ್ತದೆ, ಹೂಡಿಕೆದಾರರು ಕೊಳ್ಳುತ್ತಾರೆ. ಆ ಬಡ್ಡಿಗೆ ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆ ಇಲ್ಲ, ಹಾಗಾಗಿ ಅವರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ. ಒಂದೇ ಸಲಕ್ಕೆ ಎಲ್ಲ ಮಾರುವುದಿಲ್ಲ. ಜನ ಒಪ್ಪಿದ ಮೊತ್ತವನ್ನು ಕಂತು ಕಂತಾಗಿ ಎಂಟು ಹತ್ತು ವರ್ಷದವರೆಗೂ ಮಾರುತ್ತಾ ಹೋಗಬಹುದು. ತೀರಿಸುವವರು ಯಾರು? ಮನೆ, ಅಂಗಡಿ, ಕಟ್ಟಡ ಇರುವವರು. ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲಾಡಳಿತದಂಥದ್ದು) ಪ್ರಾಪರ್ಟಿ ಟ್ಯಾಕ್ಸ್ ಬಿಲ್‌ನಲ್ಲೇ ಸೇರಿಸಿ ವಸೂಲು ಮಾಡುತ್ತಾರೆ. ನಿಮ್ಮ ಬಿಲ್ ತೆಗೆದು ನೋಡಿ. ಶೇಕಡಾ 1ರ ಮೂಲ ತೆರಿಗೆಯ ಕೆಳಗೆ ಹಳೆಯ ಬಾಂಡ್‌ಗಳು ಒಂದೊಂದಾಗಿ ಸಾಲು ನಿಂತಿರುತ್ತವೆ.

ಈಗ ಆ 45 ಡಾಲರ್ ಲೆಕ್ಕ. ಅಮೆರಿಕದವರು ನಮ್ಮ ಹಾಗೆ ಲಕ್ಷದಲ್ಲಿ ಲೆಕ್ಕ ಹಾಕುವುದು ಇದೊಂದರಲ್ಲೇ ಇರಬೇಕು. ಮನೆಯ ತೆರಿಗೆ ಮೌಲ್ಯದ ಒಂದೊಂದು ಲಕ್ಷ ಡಾಲರ್‌ಗೆ ವರ್ಷಕ್ಕೆ 45. ನಿಮ್ಮ ಮನೆಯ ಮೌಲ್ಯ ಕೌಂಟಿ ಪುಸ್ತಕದಲ್ಲಿ 15 ಲಕ್ಷ ಅಂತಿದ್ದರೆ ವರ್ಷಕ್ಕೆ 675 ಡಾಲರ್. ಮಾರ್ಕೆಟ್ ಬೆಲೆ ಮೇಲೆ ಅಲ್ಲ, ಕೌಂಟಿ ಪುಸ್ತಕದ ಬೆಲೆ ಮೇಲೆ. ಇಲ್ಲೇ ಹೊಸಬರಿಗೆ ಹೊಟ್ಟೆ ಉರಿಯುವ ಸಂಗತಿ ಇದೆ. 1978ರಲ್ಲಿ ಜನ ವೋಟು ಹಾಕಿ ತಂದ ಪ್ರಾಪೊಸಿಷನ್ 13 ಪ್ರಕಾರ, ಮನೆ ಕೊಂಡಾಗಿನ ಬೆಲೆಯೇ ತೆರಿಗೆಗೆ ಆಧಾರ, ಆಮೇಲೆ ಅದು ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ನಿಮ್ಮ ಪಕ್ಕದ ಮನೆಯ ಅಜ್ಜ ಮೂವತ್ತು ನಲವತ್ತು ವರ್ಷದ ಹಿಂದೆ ಕೊಂಡಿದ್ದರೆ ಅವರ ಪುಸ್ತಕದ ಬೆಲೆ 3 ಲಕ್ಷ ಇರಬಹುದು. ಅದೇ ತರಹದ ಮನೆ, ಅದೇ ಬೀದಿ, ಅದೇ ಬಾಂಡ್. ಅವರು 135 ಕಟ್ಟುತ್ತಾರೆ, ನೀವು 675. ಬಾಡಿಗೆ ಮನೆಯವರಿಗೆ ನೇರವಾಗಿ ಬಿಲ್ ಬರುವುದಿಲ್ಲ, ಆದರೆ ಸಿಟಿಜನ್ ಆಗಿದ್ದರೆ ವೋಟು ಹಾಕುತ್ತಾರೆ. ಇದು ಸರಿಯಾ ಅಂತ ಕೇಳಿದರೆ, ಸರಿ ಇಲ್ಲ ಅಂತಲೇ ನಾನು ಹೇಳುತ್ತೇನೆ. ಆದರೆ ಅದರ ಸಿಟ್ಟನ್ನು ಶಾಲೆಯ ಮೇಲೆ ತೀರಿಸಿಕೊಂಡರೆ ಪ್ರಯೋಜನ ಇಲ್ಲ. ಡಿಸ್ಟ್ರಿಕ್ಟ್ ಮಾಡಿದ ನಿಯಮ ಅಲ್ಲ ಅದು.

ಪ್ರಾಪೊಸಿಷನ್ 13 ಬಂದ ಮೇಲೆ ಬಾಂಡ್‌ಗೆ ತೆರಿಗೆ ಹಾಕುವ ದಾರಿಯೇ ಮುಚ್ಚಿಹೋಗಿತ್ತು. 1986ರಲ್ಲಿ ಮತ್ತೆ ತೆರೆಯಿತು, ಆದರೆ ಮೂರರಲ್ಲಿ ಎರಡು ಪಾಲು ವೋಟು ಬೇಕು ಅನ್ನುವ ಷರತ್ತಿನ ಮೇಲೆ. ಶೇಕಡಾ 60 ಜನ ಹೂಂ ಅಂದರೂ ಬಾಂಡ್ ಬಿದ್ದುಹೋಗುತ್ತಿತ್ತು, ಛಾವಣಿ ಸೋರುತ್ತಲೇ ಇತ್ತು. 2000ನೇ ಇಸವಿಯ ನವೆಂಬರ್‌ನಲ್ಲಿ ಪ್ರಾಪೊಸಿಷನ್ 39 ಬಂದು ಶೇಕಡಾ 55 ಸಾಕು ಅಂತ ಮಾಡಿತು. ಸುಮ್ನೆ ಇಳಿಸಲಿಲ್ಲ, ಬದಲಿಗೆ ಹಗ್ಗ ಕಟ್ಟಿತು. ಏನೇನು ಕೆಲಸ ಮಾಡುತ್ತೀರಿ ಅಂತ ಮೊದಲೇ ಪಟ್ಟಿ ಕೊಡಬೇಕು. ಸಂಬಳಕ್ಕೆ, ದಿನನಿತ್ಯದ ಖರ್ಚಿಗೆ ಮುಟ್ಟಬಾರದು. ಪ್ರತಿ ವರ್ಷ ಹೊರಗಿನವರಿಂದ ಎರಡು ಆಡಿಟ್ ಆಗಬೇಕು, ಒಂದು ದುಡ್ಡಿನದ್ದು, ಒಂದು ಕೆಲಸದ್ದು. ಊರಿನವರ ಮೇಲ್ವಿಚಾರಣಾ ಸಮಿತಿ ಇರಬೇಕು. ತೆರಿಗೆಗೂ ಮಿತಿ ಬಂತು. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ಕ್ಲಾಸಿನವರೆಗೆ ಒಟ್ಟಿಗೆ ನಡೆಸುವ ಯೂನಿಫೈಡ್ ಡಿಸ್ಟ್ರಿಕ್ಟ್ ಆದರೆ ಲಕ್ಷಕ್ಕೆ 60 ಡಾಲರ್, ಎಲಿಮೆಂಟರಿ ಬೇರೆ ಹೈಸ್ಕೂಲ್ ಬೇರೆ ಇದ್ದರೆ ತಲಾ 30, ಕಮ್ಯುನಿಟಿ ಕಾಲೇಜಿಗೆ 25. ಈ ಮಿತಿ ಇರುವುದು ಒಂದೊಂದು ಚುನಾವಣೆಯ ಬಾಂಡ್‌ಗೆ, ಎಲ್ಲ ಬಾಂಡ್ ಸೇರಿಸಿದ ಮೊತ್ತಕ್ಕೆ ಅಲ್ಲ. ಹಳೆಯದರ ಮೇಲೆ ಹೊಸದು ಕೂತರೆ ಎರಡೂ ಕಟ್ಟುತ್ತೀರಿ. ಇನ್ನೊಂದು ಮಾತು, ಆ 45 ಅನ್ನುವುದು ಅಂದಾಜು, ಗ್ಯಾರಂಟಿ ಅಲ್ಲ. ಊರಿನ ಒಟ್ಟು ಆಸ್ತಿ ಮೌಲ್ಯ ಅಂದುಕೊಂಡಷ್ಟು ಏರದಿದ್ದರೆ ಕೌಂಟಿ ದರ ಏರಿಸಿಯಾದರೂ ಸಾಲದ ಕಂತು ಕಟ್ಟಲೇಬೇಕು.

ನಿಮ್ಮ ಮನೆಗೆ ಬ್ಯಾಲೆಟ್ ಜೊತೆ, ಇಲ್ಲವೇ ಸ್ವಲ್ಪ ಮೊದಲೇ, ಕೌಂಟಿಯಿಂದ ಒಂದು ದಪ್ಪ ಪುಸ್ತಕ ಬರುತ್ತದೆ. ಮುಕ್ಕಾಲು ಜನ ಅದನ್ನು ನೇರವಾಗಿ ರೀಸೈಕಲ್ ಡಬ್ಬಿಗೆ ಹಾಕುತ್ತಾರೆ. ನೀವು ಹಾಕಬೇಡಿ. ಅದರಲ್ಲಿ ನಿಮ್ಮ ಬಾಂಡ್‌ನ ಪುಟಗಳಿಗೆ ಹೋಗಿ 'ಟ್ಯಾಕ್ಸ್ ರೇಟ್ ಸ್ಟೇಟ್‌ಮೆಂಟ್' ಹುಡುಕಿ. ಅಸಲು ಬಡ್ಡಿ ಎಲ್ಲ ಸೇರಿ ಕೊನೆಗೆ ಎಷ್ಟು ತೀರಿಸಬೇಕು ಅನ್ನುವ ಸಂಖ್ಯೆ ಅಲ್ಲಿರುತ್ತದೆ. ಅದನ್ನು ಸಾಲದ ಮೊತ್ತದಿಂದ ಭಾಗಿಸಿ. ಎರಡರ ಆಸುಪಾಸು ಬಂದರೆ ನನಗೆ ಗಾಬರಿ ಇಲ್ಲ, ಮೂವತ್ತು ವರ್ಷದ ಮನೆ ಸಾಲವೂ ಬಡ್ಡಿ ಜಾಸ್ತಿ ಇದ್ದಾಗ ಹಾಗೇ ಆಗುತ್ತದೆ. ಎರಡೂವರೆ ದಾಟಿದರೆ ಯಾಕೆ ಅಂತ ಬೋರ್ಡ್‌ಗೆ ಒಂದು ಇಮೇಲ್ ಹಾಕಿ ಕೇಳುತ್ತೇನೆ.

ಇಷ್ಟು ಅನುಮಾನ ಯಾಕೆ ಅಂದರೆ ಪೋವೇ ಕಥೆಯಿಂದ. ಸ್ಯಾನ್ ಡಿಯೇಗೋ ಹತ್ತಿರದ ಪೋವೇ ಯೂನಿಫೈಡ್ ಡಿಸ್ಟ್ರಿಕ್ಟ್ 2011ರಲ್ಲಿ 10.5 ಕೋಟಿ ಡಾಲರ್ ಸಾಲ ತೆಗೆಯಿತು. ಮೊದಲ ಇಪ್ಪತ್ತು ವರ್ಷ ಏನೂ ಕಟ್ಟುವ ಹಾಗಿಲ್ಲ, ಬಡ್ಡಿಗೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಆಮೇಲೆ ಇನ್ನಿಪ್ಪತ್ತು ವರ್ಷದಲ್ಲಿ ಒಟ್ಟು ಸುಮಾರು 100 ಕೋಟಿ ತೀರಿಸಬೇಕು. ಹೌದು, ಹತ್ತು ಪಟ್ಟಿಗೆ ಹತ್ತಿರ. ಊರಲ್ಲಿ ಮೀಟರ್ ಬಡ್ಡಿಯವರೂ ನಾಚಿಕೊಳ್ಳಬೇಕು. ತೆರಿಗೆ ದರ ಏರಿಸುವುದಿಲ್ಲ ಅಂತ ಜನರಿಗೆ ಮಾತು ಕೊಟ್ಟಿದ್ದರು, ಕಟ್ಟಡಕ್ಕೆ ದುಡ್ಡು ಸಾಲುತ್ತಿರಲಿಲ್ಲ, ಹಾಗಾಗಿ ಭಾರವನ್ನು ಇನ್ನೂ ಶಾಲೆಗೂ ಹೋಗದ ಮಕ್ಕಳ ಹೆಗಲಿಗೆ ಎತ್ತಿಟ್ಟರು. ಎಲ್ಲವೂ ಆಗಿನ ಕಾನೂನಿನ ಒಳಗೇ ಇತ್ತು. ಮುಂದಿನ ವರ್ಷ ಸುದ್ದಿಯಾಗಿ ಗಲಾಟೆ ಎದ್ದಿತು, 2013ರಲ್ಲಿ ಹೊಸ ಕಾನೂನು ಬಂತು. ಈಗ ಅಂಥ ಚಕ್ರಬಡ್ಡಿ ಬಾಂಡ್ 25 ವರ್ಷ ಮೀರುವಂತಿಲ್ಲ, ತೀರಿಸುವ ಮೊತ್ತ ಅಸಲಿನ ನಾಲ್ಕು ಪಟ್ಟು ಮೀರುವಂತಿಲ್ಲ. ನಾಲ್ಕು ಪಟ್ಟು ಅನ್ನುವುದೇ ನನ್ನ ಪ್ರಕಾರ ಜಾಸ್ತಿಯಾಯಿತು. ಅಂದಹಾಗೆ ಈ ಬಾಂಡ್‌ಗೆ ಸಹಿ ಹಾಕಿದವರು ಯಾರು? ಬ್ಯಾಂಕಿನವರು ಸಲಹೆ ಕೊಟ್ಟಿರಬಹುದು, ಆದರೆ ಕೈ ಎತ್ತಿದವರು ಅಲ್ಲಿನ ಸ್ಕೂಲ್ ಬೋರ್ಡ್‌ನವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇನ್ನು ಕೆಲಸದ ಪಟ್ಟಿ. 'ಕ್ಲಾಸ್‌ರೂಮ್‌ಗಳ ಆಧುನೀಕರಣ, ಸುರಕ್ಷತೆ, ತಂತ್ರಜ್ಞಾನ' ಅಂತ ಮೂರು ಸಾಲು ಬರೆದಿದ್ದರೆ ಅದು ಪಟ್ಟಿ ಅಲ್ಲ, ಜಾಹೀರಾತು. ಇಂಥ ಶಾಲೆಯ ಛಾವಣಿ, ಇಂಥ ಶಾಲೆಯ ಹವಾನಿಯಂತ್ರಣ, ಇಷ್ಟು ಪೋರ್ಟಬಲ್ ಕೊಠಡಿ ತೆಗೆದು ಪಕ್ಕಾ ಕೊಠಡಿ ಅಂತ ಶಾಲೆಯ ಹೆಸರು ಹೇಳಿ ಬರೆದಿದ್ದರೆ ನಾಳೆ ಹಿಡಿದು ಕೇಳಬಹುದು. ತಂತ್ರಜ್ಞಾನ ಅನ್ನುವ ಪದ ಕಂಡಲ್ಲಿ ಇನ್ನೊಂದು ಸಲ ಓದಿ. 2013ರಲ್ಲಿ ಲಾಸ್ ಏಂಜಲೀಸ್ ಯೂನಿಫೈಡ್‌ನವರು ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡುತ್ತೇವೆ ಅಂತ ಬಾಂಡ್ ದುಡ್ಡಿಗೆ ಕೈ ಹಾಕಿದರು. ಮರುವರ್ಷವೇ ಆ ಒಪ್ಪಂದ ನಿಂತಿತು, ಸೂಪರಿಂಟೆಂಡೆಂಟ್, ಅಂದರೆ ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿ, ರಾಜೀನಾಮೆ ಕೊಟ್ಟರು, ಎಫ್‌ಬಿಐ ಬಂದು ಕಾಗದ ಪತ್ರ ಕೊಂಡೊಯ್ಯಿತು. ತನಿಖೆ ಮಾತು ಬಿಡಿ. ನಾಲ್ಕು ವರ್ಷಕ್ಕೆ ಹಳತಾಗುವ ಸಾಮಾನಿಗೆ ದಶಕಗಟ್ಟಲೆ ತೀರಿಸುವ ಸಾಲ ಯಾರಾದರೂ ಮಾಡುತ್ತಾರಾ? ಮನೆಯಲ್ಲಿ ನೀವು ಮಾಡುತ್ತೀರಾ?

ಜಿಮ್‌ಗೆ ಅಷ್ಟು ದುಡ್ಡು ಯಾಕೆ ಬೇಕು, ನಮ್ಮೂರಲ್ಲಿ ಅದರಲ್ಲಿ ಇಡೀ ಕಾಲೇಜೇ ಕಟ್ಟಬಹುದು ಅಂತ ತುಂಬ ಜನ ನನ್ನನ್ನು ಕೇಳಿದ್ದಾರೆ. ಕೂಲಿ, ಜಾಗ, ಎಲ್ಲ ದುಬಾರಿ ಅನ್ನುವುದು ಒಂದು. ಇನ್ನೊಂದು ಕಾರಣ ಭೂಕಂಪ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್‌ನಲ್ಲಿ ಭೂಮಿ ನಡುಗಿತು, ಎಷ್ಟೋ ಶಾಲೆಗಳು ಕುಸಿದವು. ಮಕ್ಕಳು ಮನೆಗೆ ಹೋಗಿದ್ದರು, ಬದುಕಿಕೊಂಡರು. ಒಂದು ತಿಂಗಳೊಳಗೆ ಫೀಲ್ಡ್ ಆಕ್ಟ್ ಅನ್ನುವ ಕಾನೂನು ಬಂತು. ಅಂದಿನಿಂದ ಸರ್ಕಾರಿ ಶಾಲೆಯ ಕಟ್ಟಡದ ನಕ್ಷೆಯನ್ನು ರಾಜ್ಯದ ಎಂಜಿನಿಯರುಗಳೇ ಪರೀಕ್ಷೆ ಮಾಡಬೇಕು, ಕಟ್ಟುವಾಗ ಇನ್‌ಸ್ಪೆಕ್ಟರ್ ಪಕ್ಕದಲ್ಲೇ ನಿಲ್ಲಬೇಕು. ಸಮಿತಿಯಲ್ಲಿದ್ದಾಗ ಈ ಅನುಮತಿಗಾಗಿ ಕಾದ ತಿಂಗಳುಗಳನ್ನು ನೋಡಿ ನಾನೂ ಗೊಣಗಿದ್ದೇನೆ. ನನ್ನ ಮಗ ಕೂರುವ ಕೊಠಡಿ ಅಂತ ನೆನಪಾದಾಗ ಸುಮ್ಮನಾಗಿದ್ದೇನೆ.

ಇನ್ನೊಂದು ಲೆಕ್ಕ ಯೆಸ್ ಅನ್ನುವವರ ಕಡೆಗಿದೆ. ಊರಿನವರು ತಮ್ಮ ಪಾಲು ಹಾಕಿದರೆ ರಾಜ್ಯ ತನ್ನ ಪಾಲು ಕೊಡುತ್ತದೆ. ಹೊಸ ಕಟ್ಟಡಕ್ಕೆ ಅರ್ಧ, ಹಳೆಯದರ ದುರಸ್ತಿಗೆ ಶೇಕಡಾ 60, ಬಡ ಡಿಸ್ಟ್ರಿಕ್ಟ್‌ಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. 2020ರ ಮಾರ್ಚ್‌ನಲ್ಲಿ ರಾಜ್ಯದ 1,500 ಕೋಟಿ ಡಾಲರ್ ಬಾಂಡ್ ಸೋತಿತ್ತು. 2024ರ ನವೆಂಬರ್‌ನಲ್ಲಿ ಪ್ರಾಪೊಸಿಷನ್ 2 ಅಂತ 1,000 ಕೋಟಿಯದ್ದು ಗೆದ್ದಿತು. ಊರಿನ ಬಾಂಡ್ ಇಲ್ಲದಿದ್ದರೆ ಆ ರಾಶಿಯಲ್ಲಿ ನಿಮ್ಮ ಶಾಲೆಗೆ ಪಾಲು ಸಿಗುವುದು ಕಷ್ಟ. ಆ ದುಡ್ಡು ಬೇರೆ ಊರಿಗೆ ಹೋಗುತ್ತದೆ, ಅದರ ಸಾಲ ಮಾತ್ರ ನೀವೂ ತೀರಿಸುತ್ತೀರಿ.

ಸರಿ, ಸಂಬಳದ ಪೆಟ್ಟಿಗೆಗೆ ಬರೋಣ. ನಿಮ್ಮ ನಿಜವಾದ ನೋವು ಇರುವುದು ಅಲ್ಲೇ. ಈ ಪೆಟ್ಟಿಗೆ ತುಂಬುವುದು ಬಹುಪಾಲು ಸ್ಯಾಕ್ರಮೆಂಟೊದಿಂದ, ಅಂದರೆ ರಾಜ್ಯದಿಂದ. ಎಷ್ಟು ಮಕ್ಕಳು ಹೆಸರು ಬರೆಸಿದ್ದಾರೆ ಅಂತ ಅಲ್ಲ, ದಿನ ದಿನ ಎಷ್ಟು ಮಕ್ಕಳು ಕ್ಲಾಸಿಗೆ ಬಂದರು ಅನ್ನುವುದರ ಸರಾಸರಿ ಮೇಲೆ ದುಡ್ಡು. ಮಗುವಿಗೆ ಜ್ವರ ಬಂದು ಚೀಟಿ ಕೊಟ್ಟಿದ್ದರೂ ಆ ದಿನದ ಹಾಜರಿ ಎಣಿಕೆಗೆ ಬರುವುದಿಲ್ಲ. ಈಗ ನಮ್ಮವರ ವಿಷಯ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಿಕೆಟ್ ಅಗ್ಗ ಸಿಕ್ಕಿತು ಅಂತ ಡಿಸೆಂಬರ್ ಮೊದಲ ವಾರವೇ ಹೊರಟು, ಸಂಕ್ರಾಂತಿ ಎಳ್ಳು ಬೀರಿ ವಾಪಸ್ ಬರುವವರು ನಾವು. ರಜೆ ಬಿಟ್ಟು ಅದರಲ್ಲಿ ಮೂರು ನಾಲ್ಕು ವಾರ ಶಾಲೆ ನಡೆದಿರುತ್ತದೆ. ಆ ದಿನಗಳ ದುಡ್ಡು ಶಾಲೆಯ ಕೈತಪ್ಪಿತು. ಹೊರಡುವ ಮೊದಲೇ ಆಫೀಸಿಗೆ ಹೋಗಿ 'ಇಂಡಿಪೆಂಡೆಂಟ್ ಸ್ಟಡಿ' ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಪಾಠ ಮಾಡಿಸಿ ತಂದು ಒಪ್ಪಿಸಿದರೆ ಹಾಜರಿ ಉಳಿಯುತ್ತದೆ. ಬಾಂಡ್‌ಗಿಂತ ಬೇಗ ಟೀಚರ್ ಕೈಗೆ ದುಡ್ಡು ಮುಟ್ಟುವ ಕೆಲಸ ಇದು. ಆಸ್ತಿ ತೆರಿಗೆಯೇ ಧಾರಾಳವಾಗಿ ಬರುವ ಕೆಲವು ಶ್ರೀಮಂತ ಡಿಸ್ಟ್ರಿಕ್ಟ್‌ಗಳಿಗೆ ಈ ಹಾಜರಿ ಲೆಕ್ಕ ತಟ್ಟುವುದಿಲ್ಲ. ಲೇಆಫ್ ನೋಟಿಸ್ ಬಂದಿದೆ ಅಂದರೆ ನಿಮ್ಮದು ಆ ಗುಂಪಿನಲ್ಲಿ ಇಲ್ಲ ಅನ್ನಿಸುತ್ತದೆ.

ಇದರ ಜೊತೆ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಕೋವಿಡ್‌ಗೆ ಮುಂಚೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಸುಮಾರು 62 ಲಕ್ಷ ಮಕ್ಕಳಿದ್ದರು, ಈಗ 58 ಲಕ್ಷದ ಆಸುಪಾಸು. ಬೇ ಏರಿಯಾದ ಮನೆ ಬೆಲೆಗೆ ಚಿಕ್ಕ ಮಕ್ಕಳಿರುವ ಸಂಸಾರಗಳು ದೂರದ ಟ್ರೇಸಿ ಊರಿನ ಕಡೆಗೋ ಟೆಕ್ಸಾಸ್ ಕಡೆಗೋ ಹೋಗುತ್ತಿವೆ. ಕೋವಿಡ್ ಹೊತ್ತಲ್ಲಿ ಫೆಡರಲ್ ಸರ್ಕಾರ ಕೊಟ್ಟ ವಿಶೇಷ ದುಡ್ಡು 2024ಕ್ಕೆ ಮುಗಿಯಿತು. ಕೆಲವು ಕಡೆ ಆ ದುಡ್ಡಲ್ಲಿ ಪರ್ಮನೆಂಟ್ ಜನ ತೆಗೆದುಕೊಂಡಿದ್ದರು. 2013ರಿಂದ ಇರುವ ಹಂಚಿಕೆ ಸೂತ್ರವೂ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಜಾಸ್ತಿ ಇರುವ ಕಡೆಗೆ ಹೆಚ್ಚು ಕೊಡುತ್ತದೆ. ಅದು ನ್ಯಾಯವೇ. ಆದರೆ ಐಟಿ ಸಂಸಾರಗಳೇ ತುಂಬಿದ ಊರಿನ ಡಿಸ್ಟ್ರಿಕ್ಟ್‌ಗೆ ಸಿಗುವುದು ಬರೀ ಮೂಲ ಮೊತ್ತ, ಸಂಬಳ ಮಾತ್ರ ಆ ಊರಿನ ಬಾಡಿಗೆಗೆ ತಕ್ಕಂತೆ ಕೊಡಬೇಕು. ಲೇಆಫ್ ಆಗಬಹುದು ಅನ್ನಿಸಿದರೆ ಮಾರ್ಚ್ 15ರೊಳಗೆ ಟೀಚರ್‌ಗೆ ನೋಟಿಸ್ ಕೊಡಲೇಬೇಕು ಅಂತ ಕಾನೂನಿದೆ. ಆ ಹೊತ್ತಿಗೆ ರಾಜ್ಯದ ಬಜೆಟ್ ಗೊತ್ತಿರುವುದಿಲ್ಲ, ಹಾಗಾಗಿ ಜಾಸ್ತಿ ಜನಕ್ಕೆ ಕೊಟ್ಟು ಮೇ 15ರ ಹೊತ್ತಿಗೆ ಎಷ್ಟೋ ನೋಟಿಸ್ ವಾಪಸ್ ತಗೊಳ್ಳುತ್ತಾರೆ. ನಿಮ್ಮ ಮಗಳ ಟೀಚರ್ ವಾಪಸ್ ಬಂದರಾ ಅಂತ ನೀವು ಬರೆದಿಲ್ಲ. ವಿಚಾರಿಸಿ.

ಸಂಬಳದ ಪೆಟ್ಟಿಗೆಗೆ ಊರಿನವರೇ ದುಡ್ಡು ಹಾಕಬೇಕಾದರೆ ಅದಕ್ಕೆ ಪಾರ್ಸೆಲ್ ಟ್ಯಾಕ್ಸ್ ಅನ್ನುವ ಬೇರೆ ದಾರಿ ಇದೆ. ಸಾಮಾನ್ಯವಾಗಿ ಮನೆ ಚಿಕ್ಕದಿರಲಿ ದೊಡ್ಡದಿರಲಿ ಎಲ್ಲರಿಗೂ ಒಂದೇ ಮೊತ್ತ. ಟೀಚರ್, ಮ್ಯೂಸಿಕ್, ಲೈಬ್ರರಿ, ಯಾವುದಕ್ಕೂ ಬಳಸಬಹುದು. ಆದರೆ ಡಿಸ್ಟ್ರಿಕ್ಟ್ ತಾನೇ ತಂದರೆ ಅದಕ್ಕೆ ಈಗಲೂ ಮೂರರಲ್ಲಿ ಎರಡು ಪಾಲು ವೋಟು ಬೇಕು. ಗೋಡೆಗೆ 55 ಸಾಕು, ಗುರುವಿಗೆ 67 ಬೇಕು. ಈ ರಾಜ್ಯದಲ್ಲಿ ಕಟ್ಟಡ ಎದ್ದು ಟೀಚರ್ ಕುಸಿಯುವುದಕ್ಕೆ ಇದೂ ಒಂದು ಕಾರಣ.

(ಟೆಕ್ಸಾಸ್‌ನ ಫ್ರಿಸ್ಕೋ, ಪ್ಲೇನೋ ಕಡೆಯ ನಮ್ಮವರು ಇದನ್ನು ಓದುತ್ತಿದ್ದರೆ, ನಿಮ್ಮ ಲೆಕ್ಕ ಬೇರೆ. ಅಲ್ಲಿ ಬಾಂಡ್‌ಗೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಂದರೆ ಸಾಕು. ಆದರೆ 2019ರ ಕಾನೂನಿನಿಂದ ಪ್ರತಿ ಶಾಲಾ ಬಾಂಡ್‌ನ ಬ್ಯಾಲೆಟ್ ಮೇಲೆ 'ಇದು ಪ್ರಾಪರ್ಟಿ ಟ್ಯಾಕ್ಸ್ ಏರಿಕೆ' ಅಂತ ದೊಡ್ಡದಾಗಿ ಬರೆಯಲೇಬೇಕು, ದರ ಏರದಿದ್ದರೂ ಸರಿ.)

ಈಗ ಬೋರ್ಡ್. ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ನೋಡಿದವರಿಗೆ ಸ್ಕೂಲ್ ಬೋರ್ಡ್ ಅಂದರೆ ಅದೇ ತರಹ ಅನ್ನಿಸುತ್ತದೆ. ಎಸ್‌ಡಿಎಂಸಿಯವರು ಬಿಸಿಯೂಟ ನೋಡಬಹುದು, ಕಾಂಪೌಂಡ್ ಗೋಡೆಗೆ ಅರ್ಜಿ ಹಾಕಬಹುದು. ಇಲ್ಲಿನ ಐದೋ ಏಳೋ ಜನ ಇಡೀ ಬಜೆಟ್ ಪಾಸು ಮಾಡುತ್ತಾರೆ, ಸೂಪರಿಂಟೆಂಡೆಂಟ್‌ನನ್ನು ನೇಮಿಸುತ್ತಾರೆ, ಬೇಡವೆಂದರೆ ಕಳಿಸುತ್ತಾರೆ, ಟೀಚರ್ ಸಂಘದ ಜೊತೆ ಸಂಬಳದ ಒಪ್ಪಂದಕ್ಕೆ ಒಪ್ಪಿಗೆ ಕೊಡುತ್ತಾರೆ, ಯಾವ ಶಾಲೆ ಮುಚ್ಚಬೇಕು ಅಂತ ತೀರ್ಮಾನಿಸುತ್ತಾರೆ. ಬಾಂಡ್ ಬ್ಯಾಲೆಟ್‌ಗೆ ಹೋಗಬೇಕಾ ಅನ್ನುವುದಕ್ಕೂ ಅವರೇ ಕೈ ಎತ್ತಬೇಕು, ಗೆದ್ದ ಮೇಲೆ ಹೇಗೆ ಮಾರಬೇಕು ಅನ್ನುವುದಕ್ಕೂ. ಎರಡು ಪೆಟ್ಟಿಗೆಗೂ ಬೀಗದ ಕೈ ಅವರ ಹತ್ತಿರವೇ ಇದೆ. ನಿಮ್ಮ ಸಿಟ್ಟಿಗೆ ಸರಿಯಾದ ವಿಳಾಸ ಬಾಂಡ್ ಅಲ್ಲ, ಬೋರ್ಡ್.

ತಮಾಷೆ ಅಂದರೆ ಬ್ಯಾಲೆಟ್‌ನ ಮೇಲ್ಭಾಗಕ್ಕೆ ಎಲ್ಲರೂ ಗುರುತು ಹಾಕುತ್ತಾರೆ. ಕೆಳಗೆ ಬರುಬರುತ್ತಾ ಸುಸ್ತಾಗಿ ಬೋರ್ಡ್ ಜಾಗ ಖಾಲಿ ಬಿಡುತ್ತಾರೆ. 2002ರಲ್ಲಿ ಪಾಸಾದ ಕ್ಯಾಲಿಫೋರ್ನಿಯಾ ವೋಟಿಂಗ್ ರೈಟ್ಸ್ ಆಕ್ಟ್‌ನಿಂದಾಗಿ ತುಂಬ ಡಿಸ್ಟ್ರಿಕ್ಟ್‌ಗಳು ಈಗ ವಾರ್ಡ್ ತರಹ ಭಾಗ ಮಾಡಿಕೊಂಡಿವೆ, ನೀವು ನಿಮ್ಮ ಭಾಗದವರಿಗೆ ಮಾತ್ರ ವೋಟು ಹಾಕುತ್ತೀರಿ. ಗೆಲುವಿನ ಅಂತರ ಕೆಲವು ನೂರು ವೋಟಿಗೆ ಇಳಿಯುವುದುಂಟು. ಒಬ್ಬರೇ ನಿಂತರೆ ಚುನಾವಣೆಯೇ ಆಗುವುದಿಲ್ಲ. ನಿಮ್ಮ ಕಡೆ ಮೂವರು ನಿಂತಿದ್ದಾರೆ ಅಂದರೆ ಅದು ಪುಣ್ಯ.

ಬೋರ್ಡ್‌ನವರು ಜನರ ನಾಡಿ ಹಿಡಿಯದಿದ್ದರೆ ಏನಾಗುತ್ತದೆ ಅಂತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡಿದೆವು. ಕೋವಿಡ್‌ನಲ್ಲಿ ಶಾಲೆ ಮುಚ್ಚಿತ್ತು, ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಬೋರ್ಡ್ 2021ರ ಜನವರಿಯಲ್ಲಿ 44 ಶಾಲೆಗಳ ಹೆಸರು ಬದಲಿಸುವ ತೀರ್ಮಾನ ಮಾಡಿತು. ಲೋವೆಲ್ ಹೈಸ್ಕೂಲ್‌ಗೆ ಅಂಕ ನೋಡಿ ಸೇರಿಸುವ ಪದ್ಧತಿ ಬಿಟ್ಟು ಲಾಟರಿ ತಂದಿತು. ಏಷ್ಯಾ ಮೂಲದ ತಂದೆ ತಾಯಂದಿರು, ಅದರಲ್ಲೂ ಚೀನೀಯರು, ಬೀದಿಗಿಳಿದರು. 2022ರ ಫೆಬ್ರವರಿ 15ರಂದು ಮೂವರು ಸದಸ್ಯರನ್ನು ಭಾರೀ ಅಂತರದಲ್ಲಿ ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಅದರಲ್ಲಿ ಸರಿ ತಪ್ಪು ಎರಡೂ ಕಡೆ ಇದೆ, ಆ ಜಗಳಕ್ಕೆ ಹೋಗುವುದಿಲ್ಲ. ಅಷ್ಟು ದಿನ ಬೋರ್ಡ್ ಅಂದರೇನು ಅಂತ ಗೊತ್ತಿಲ್ಲದ ಎಷ್ಟೋ ಜನ ಒಂದೇ ವರ್ಷದಲ್ಲಿ ಅಜೆಂಡಾ ಓದಲು ಕಲಿತರು ಅನ್ನುವುದು ನನಗೆ ನೆನಪಲ್ಲಿ ಉಳಿದಿರುವುದು.

ಮೂವರಲ್ಲಿ ಯಾರು ಅಂತ ನಾನು ಹೇಳಲಾರೆ. ಹೇಗೆ ನೋಡಬೇಕು ಅಂತ ಹೇಳಬಲ್ಲೆ. ಬ್ಯಾಲೆಟ್‌ನಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಆಗ ಹೇಳಿದ ದಪ್ಪ ಪುಸ್ತಕದಲ್ಲಿ ಒಬ್ಬ ಅಭ್ಯರ್ಥಿಯ ಹೇಳಿಕೆ ಇಲ್ಲ ಅಂದರೆ ಸೋಮಾರಿ ಅಂತ ತಿಳಿಯಬೇಡಿ, ಅದನ್ನು ಅಚ್ಚು ಹಾಕಿಸಲು ತುಂಬ ಕಡೆ ಅಭ್ಯರ್ಥಿಯೇ ದುಡ್ಡು ಕಟ್ಟಬೇಕು. ಹೆಸರು ನಮ್ಮ ಕಡೆಯದು ಅಂತ ವೋಟು ಹಾಕಬೇಡಿ, ನಾನು ಒಂದು ಸಲ ಹಾಗೆ ಮಾಡಿ ನಾಲ್ಕು ವರ್ಷ ಪೇಚಾಡಿದ್ದೇನೆ. ಮೂವರಿಗೂ ಒಂದೇ ಇಮೇಲ್ ಹಾಕಿ, ಎರಡು ಪ್ರಶ್ನೆ ಸಾಕು. ಮುಂದಿನ ಮೂರು ವರ್ಷದ ಬಜೆಟ್‌ನಲ್ಲಿ ಎಷ್ಟು ಕೊರತೆ ಕಾಣುತ್ತಿದೆ, ಏನನ್ನು ಕಡಿತ ಮಾಡುತ್ತೀರಿ? ಬಾಂಡ್ ಗೆದ್ದರೆ ಮೊದಲ ಕಂತಿನಲ್ಲಿ ಯಾವ ಶಾಲೆಯ ಯಾವ ಕೆಲಸ? ಕೊರತೆಯ ಸಂಖ್ಯೆ ಬಾಯಲ್ಲೇ ಇರುವವರು ಸಭೆಗೆ ಹೋಗುವವರು. 'ಪ್ರತಿ ಮಗುವೂ ನಮಗೆ ಮುಖ್ಯ' ಅಂತ ಉತ್ತರ ಬಂದರೆ ಮುಂದಿನ ಹೆಸರಿಗೆ ಹೋಗಿ. ಕಡಿತ ಅನ್ನುವ ಪದಕ್ಕೆ ಹೆದರದೆ ಒಂದು ಹೆಸರು ಹೇಳಿದವರು ನನಗೆ ಇಷ್ಟ, ಆ ಹೆಸರು ನನಗೆ ಒಪ್ಪಿಗೆ ಇಲ್ಲದಿದ್ದರೂ. ಟೀಚರ್ ಸಂಘದ ಬೆಂಬಲ ಯಾರಿಗಿದೆ, ಬಾಂಡ್ ಪ್ರಚಾರಕ್ಕೆ ದುಡ್ಡು ಯಾರು ಹಾಕಿದ್ದಾರೆ ಅಂತಲೂ ನೋಡಿ. ಡಿಸ್ಟ್ರಿಕ್ಟ್ ತನ್ನ ಖರ್ಚಲ್ಲಿ 'ಯೆಸ್ ಹಾಕಿ' ಅನ್ನುವಂತಿಲ್ಲ, ಮಾಹಿತಿ ಮಾತ್ರ ಕೊಡಬಹುದು. ಹಾಗಾಗಿ ಪ್ರಚಾರದ ದುಡ್ಡು ಎಷ್ಟೋ ಸಲ ಕಂಟ್ರಾಕ್ಟರು, ಆರ್ಕಿಟೆಕ್ಟು, ಬಾಂಡ್ ಮಾರುವ ಕಂಪನಿಗಳಿಂದ ಬರುತ್ತದೆ. ಬಂದಿದ್ದೇ ತಪ್ಪು ಅಂತಲ್ಲ. ಆದರೆ ಮುಂದೆ ಟೆಂಡರ್ ಯಾರಿಗೆ ಹೋಯಿತು ಅಂತ ನೋಡುವಾಗ ಆ ಹೆಸರುಗಳು ಜ್ಞಾಪಕ ಇರಲಿ.

ಆರು ವರ್ಷದ ಹಿಂದಿನ ಬಾಂಡ್‌ನ ಆಡಿಟ್ ವರದಿ ಡಿಸ್ಟ್ರಿಕ್ಟ್‌ನವರ ವೆಬ್‌ಸೈಟ್‌ನಲ್ಲಿ ಇರಲೇಬೇಕು. ಅದು ಸಿಗದಿದ್ದರೆ, ಇಲ್ಲವೇ ಮೇಲ್ವಿಚಾರಣಾ ಸಮಿತಿ ಎರಡು ವರ್ಷದಿಂದ ಸೇರೇ ಇಲ್ಲ ಅಂತಾದರೆ, ನಾನಾಗಿದ್ದರೆ ಈ ಸಲ ನೋ ಹಾಕುತ್ತೇನೆ. ನಾನು ಇದುವರೆಗೆ ಮೂರಕ್ಕೆ ಯೆಸ್, ಒಂದಕ್ಕೆ ನೋ ಹಾಕಿದ್ದೇನೆ. ನೋ ಹಾಕಿದ್ದು ಇದೇ ಕಾರಣಕ್ಕೆ. ವರದಿ ಇದೆ, ಪಟ್ಟಿ ಸ್ಪಷ್ಟ ಇದೆ, ಬಡ್ಡಿ ಲೆಕ್ಕ ಎರಡರ ಹತ್ತಿರ ಇದೆ ಅಂದರೆ ಯೆಸ್. ಟೀಚರ್ ಲೇಆಫ್ ಆಯಿತು ಅನ್ನುವುದು ಬಾಂಡ್‌ಗೆ ನೋ ಹಾಕಲು ಕಾರಣ ಅಲ್ಲ, ಈಗಿರುವ ಬೋರ್ಡ್ ಸದಸ್ಯರು ಮತ್ತೆ ನಿಂತಿದ್ದರೆ ಅವರನ್ನು ಪ್ರಶ್ನೆ ಕೇಳಲು ಕಾರಣ.

ಕೊನೆಗೆ ಯಜಮಾನರ ವಿಷಯ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗ್ರೀನ್ ಕಾರ್ಡ್‌ನವರು ವೋಟು ಹಾಕುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಮಾತ್ರ 2016ರಲ್ಲಿ ಸಿಟಿಜನ್ ಅಲ್ಲದ ತಂದೆ ತಾಯಂದಿರಿಗೂ ಸ್ಕೂಲ್ ಬೋರ್ಡ್ ವೋಟು ಕೊಟ್ಟಿತು, 2022ರಲ್ಲಿ ಓಕ್‌ಲ್ಯಾಂಡ್ ಜನರೂ ಒಪ್ಪಿದರು. ನಿಮ್ಮ ಊರು ಅವೆರಡೂ ಅಲ್ಲದಿದ್ದರೆ ಬೇಡವೇ ಬೇಡ. ಡಿಎಂವಿಯಲ್ಲಿ, ಅಂದರೆ ಇಲ್ಲಿನ ಆರ್‌ಟಿಒದಲ್ಲಿ, ಲೈಸೆನ್ಸ್ ರಿನ್ಯೂ ಮಾಡುವಾಗ ತಪ್ಪಿಯೂ ವೋಟರ್ ರಿಜಿಸ್ಟ್ರೇಷನ್‌ಗೆ ಹೂಂ ಅನ್ನಬಾರದು, ಗ್ರೀನ್ ಕಾರ್ಡ್‌ಗೇ ಕುತ್ತು ಬರುತ್ತದೆ. ಆದರೆ ಬೋರ್ಡ್ ಸಭೆಯಲ್ಲಿ ಎದ್ದು ಮಾತಾಡಲು ಸಿಟಿಜನ್‌ಶಿಪ್ ಬೇಕಿಲ್ಲ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹೊರಗೆ ಹಾಕಬೇಕು ಅಂತ ಕಾನೂನಿದೆ, ಓದಿಕೊಂಡು ಹೋಗಿ. ಇನ್ನೊಂದು, 2020ರಿಂದ ಈ ರಾಜ್ಯದಲ್ಲಿ ನೇಮಕದಿಂದ ತುಂಬುವ ಸಮಿತಿ ಜಾಗಗಳಿಗೆ ಸಿಟಿಜನ್ ಅಲ್ಲದವರೂ ಬರಬಹುದು. ಬಾಂಡ್ ಮೇಲ್ವಿಚಾರಣಾ ಸಮಿತಿಗೆ ಕನಿಷ್ಠ ಏಳು ಜನ ಬೇಕು. ಅದರಲ್ಲಿ ಒಂದು ಜಾಗ ಮಕ್ಕಳ ತಂದೆ ತಾಯಿಗೆ ಮೀಸಲು, ಇನ್ನೊಂದು ಪಿಟಿಎಯಲ್ಲಿ (ಪೋಷಕರು ಮತ್ತು ಟೀಚರ್‌ಗಳ ಸಂಘ) ಓಡಾಡುವ ತಂದೆ ತಾಯಿಗೆ. ನಾನಿದ್ದ ಸಮಿತಿಯಲ್ಲಿ ಈ ಎರಡನೇ ಜಾಗ ಎಂಟು ತಿಂಗಳು ಖಾಲಿ ಬಿದ್ದಿತ್ತು, ಅರ್ಜಿ ಹಾಕುವವರೇ ಇರಲಿಲ್ಲ. ಅರ್ಜಿ ಇದ್ದಿದ್ದು ಒಂದೇ ಪುಟ.